ಅಣುವನ್ನು ಸುತ್ತಿ ನೋಡಿದವರು: ಪ್ರೊಫೆಸರ್ ಜಿ. ಎನ್. ರಾಮಚಂದ್ರನ್

ನಮ್ಮ ಕಾಲೇಜಿಗೆ ಕೃಷ್ಣಮೂರ್ತಿಪುರಂನಿಂದ ಬರುವ ವಿದ್ಯಾರ್ಥಿಗಳು ಚಾಮುಂಡಿಬೆಟ್ಟವನ್ನು ಬಾಲ್ಯದಿಂದಲೂ ಒಂದೇ ಪಕ್ಕದಿಂದ ಕಂಡು ಬಲ್ಲವರು. ನಂಜನಗೂಡಿನ ಕಡೆಯಿಂದ ಬರುವವರೂ ಅದೇ ಬೆಟ್ಟವನ್ನು ಕಂಡು ಬಲ್ಲವರೇ. ಆದರೆ ಬೆಟ್ಟದ ಹೊರಗೆರೆಯನ್ನು ಬರೆಯಿರೆಂದು ಇಬ್ಬರ ಕೈಗೂ ಕಾಗದ ಕೊಟ್ಟರೆ ಎರಡು ಬೇರೆ ಬೇರೆ ಚಿತ್ರಗಳು ಸಿದ್ಧವಾಗುತ್ತವೆ. ಇಬ್ಬರಲ್ಲಿ ಯಾರೂ ಸುಳ್ಳು ಬರೆದಿಲ್ಲ. ಇಬ್ಬರಲ್ಲಿ ಯಾರೂ ಬೆಟ್ಟವನ್ನು ಪೂರ್ಣವಾಗಿ ಬರೆದಿಲ್ಲ. ಬೆಟ್ಟದ ವಿಚಾರದಲ್ಲಿ ಈ ತೊಡಕನ್ನು ಬಿಡಿಸುವುದು ಸುಲಭ. ಎದ್ದು ಹೋಗಿ ಸುತ್ತಿ ಬಂದರಾಯಿತು. ಕಣ್ಣಿಗೂ ಸೂಕ್ಷ್ಮದರ್ಶಕಕ್ಕೂ ನಿಲುಕದ ಅಣುವಿನ ವಿಚಾರದಲ್ಲಿ ಏನು ಮಾಡಬೇಕು? ನೋಡುವವನು ನಿಂತ ಜಾಗ ಬದಲಾದರೂ ಬದಲಾಗದಂತೆ ಅಣುವಿನ ಆಕಾರವನ್ನು ಹೇಳುವುದು ಸಾಧ್ಯವೇ? ಈ ಪ್ರಶ್ನೆಗೆ ಉತ್ತರ ಕೊಟ್ಟವರಲ್ಲಿ ಅಗ್ರಗಣ್ಯರು, ಬೆಂಗಳೂರಿನಲ್ಲಿಯೂ ಮದರಾಸಿನಲ್ಲಿಯೂ ದುಡಿದ ಕೀರ್ತಿಶೇಷ ಪ್ರೊಫೆಸರ್ ಜಿ. ಎನ್. ರಾಮಚಂದ್ರನ್ ಅವರು.

ಅವರ ಜೀವನವನ್ನು ಹೇಳುವ ಮುನ್ನ ಇಂದಿನ ಪ್ರಯೋಗಶಾಲೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಈಗ ಅಣುಗಳ ಮಾದರಿಯನ್ನು ಗಣಕಯಂತ್ರದ ಪರದೆಯ ಮೇಲೆ ನೋಡುತ್ತಾರೆ. ಅದಕ್ಕೆಂದೇ ರಚಿತವಾದ ತಂತ್ರಾಂಶಗಳಿವೆ. ಅವುಗಳಲ್ಲಿ ಬಹಳ ಪ್ರಸಿದ್ಧವಾದದ್ದು ವಾರೆನ್ ಡಿಲಾನೊ ಎಂಬ ಅಮೆರಿಕದ ವಿಜ್ಞಾನಿ ರೂಪಿಸಿದ ಪೈಮಾಲ್. ಪರದೆಯ ಮೇಲೆ ಅಣುವನ್ನು ತಿರುಗಿಸುತ್ತಿದ್ದೇವೆಂದು ನಮಗೆ ತೋರುತ್ತದೆಯಾದರೂ ಅಣುವಿನ ಪರಮಾಣುಗಳ ಸ್ಥಾನಗಳು ಇದ್ದಲ್ಲಿಯೇ ಇರುತ್ತವೆ. ಬದಲಾಗುವುದು ಒಂದು ಕಲ್ಪಿತ ಕ್ಯಾಮೆರಾದ ನಿಲುವು. ಚೆನ್ನಾಗಿ ಕಂಡ ಒಂದು ನೋಟವನ್ನು ಮುಂದಕ್ಕೆ ಉಳಿಸಿಕೊಳ್ಳಬೇಕೆಂದರೆ ಪೈಮಾಲ್ ಹದಿನೆಂಟು ಸಂಖ್ಯೆಗಳನ್ನು ಬರೆದುಕೊಡುತ್ತದೆ. ಮೊದಲ ಒಂಬತ್ತು, ಕ್ಯಾಮೆರಾ ಯಾವ ದಿಕ್ಕಿನಿಂದ ನೋಡುತ್ತಿದೆಯೆಂಬುದನ್ನು ತಿಳಿಸುತ್ತವೆ. ಮುಂದಿನ ಮೂರು, ತಿರುಗುವ ಕೇಂದ್ರ ಕ್ಯಾಮೆರಾದಿಂದ ಎಷ್ಟು ದೂರದಲ್ಲಿ, ಯಾವ ಕಡೆಗಿದೆಯೆಂಬುದನ್ನೂ, ಅದರ ಮುಂದಿನ ಮೂರು, ಆ ಕೇಂದ್ರವನ್ನು ಅಣುವಿನೊಳಗೆ ಎಲ್ಲಿ ಹಿಡಿದಿದ್ದೇವೆಂಬುದನ್ನೂ ತಿಳಿಸುತ್ತವೆ. ಎರಡು ಸಂಖ್ಯೆಗಳು ಮುಂದಿನ ಮತ್ತು ಹಿಂದಿನ ಕತ್ತರಿಕೆಯ ಸಮತಲಗಳಿಗೆ ಸೇರಿದವು. ಈ ಸಮತಲಗಳ ಆಚೆಗಿರುವ ಪರಮಾಣುಗಳು ಕಾಣುವುದೇ ಇಲ್ಲ. ಕಡೆಯದು, ಹತ್ತಿರದ್ದು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ಕಾಣಬೇಕೇ ಬೇಡವೇ ಎಂಬುದನ್ನು ನಿರ್ಧರಿಸುತ್ತದೆ.

ಈ ಹದಿನೆಂಟು ಸಂಖ್ಯೆಗಳನ್ನು ಗೆಳೆಯನಿಗೆ ಕಳುಹಿಸಿದರೆ, ಅದೇ ಅಣು ತೆರೆದಿರುವ ಅವನ ಪರದೆಯಲ್ಲಿಯೂ ಅದೇ ನೋಟ ಮೂಡುತ್ತದೆ. ಆದರೆ ವಾಚಕರು ಗಮನಿಸಬೇಕಾದ ವಿಷಯವೊಂದಿದೆ. ಈ ಹದಿನೆಂಟರಲ್ಲಿ ಒಂದಾದರೂ ಅಣುವಿನ ಆಕಾರವನ್ನು ಹೇಳುವುದಿಲ್ಲ. ಅವೆಲ್ಲವೂ ನೋಡುವವನ ಸಮಾಚಾರ. ರಾಮಚಂದ್ರನ್ ಅವರು ಮಾಡಿದ ಕೆಲಸ ಇದಕ್ಕೆ ನೇರ ಎದುರಾದದ್ದು. ನೋಡುವವನ ಸುದ್ದಿಯನ್ನು ಪೂರ್ತಿಯಾಗಿ ಬಿಟ್ಟು ಅಣುವಿನ ಸಮಾಚಾರವನ್ನು ಮಾತ್ರ ಹೇಳುವ ಅಂಕಿಗಳನ್ನು ಅವರು ಆರಿಸಿಕೊಂಡರು. ಈ ತಂತ್ರಾಂಶಗಳು ಹುಟ್ಟುವುದಕ್ಕೆ ದಶಕಗಳ ಮೊದಲೇ ಇದು ನಡೆಯಿತು.

ಗೋಪಾಲಸಮುದ್ರಂ ನಾರಾಯಣ ಅಯ್ಯರ್ ರಾಮಚಂದ್ರನ್ ಅವರು ೧೯೨೨ನೆಯ ಇಸವಿ ಅಕ್ಟೋಬರ್ ೮ರಂದು ಎರ್ನಾಕುಲಂನಲ್ಲಿ ಜನಿಸಿದರು. ತಂದೆ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಆದುದರಿಂದ ಗಣಿತವೆಂಬುದು ಬಾಲಕನಿಗೆ ಮನೆಮಾತಿನಂತೆಯೇ ಒದಗಿತು. ತಿರುಚಿನಾಪಳ್ಳಿಯ ಸೇಂಟ್ ಜೋಸೆಫ್ಸ್ ಕಾಲೇಜಿನಲ್ಲಿ ಭೌತವಿಜ್ಞಾನದ ಆನರ್ಸ್ ಪದವಿಯನ್ನು ಮುಗಿಸಿಕೊಂಡು ೧೯೪೨ರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸಂಸ್ಥಾನವು ದಾನವಾಗಿ ಕೊಟ್ಟ ನೆಲದ ಮೇಲೆ ಬೆಳೆದ ಸಂಸ್ಥೆ ಅದು. ಅವರು ಅಲ್ಲಿ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ಶಾಖೆಗೆ. ಭೌತವಿಜ್ಞಾನ ಶಾಖೆಯಲ್ಲಿದ್ದ ಸರ್ ಸಿ. ವಿ. ರಾಮನ್ ಅವರ ಕಣ್ಣು ಈ ತರುಣನ ಮೇಲೆ ಬಿತ್ತು. ಎಂಜಿನಿಯರಿಂಗ್ ಶಾಖೆಗೆ ಈತನ ಬುದ್ಧಿ ಅಳತೆ ಮೀರಿದ್ದೆಂದು ಹಾಸ್ಯವಾಗಿ ಹೇಳಿ ರಾಮನ್ನರು ಅವರನ್ನು ತಮ್ಮ ಶಾಖೆಗೆ ಸೆಳೆದುಕೊಂಡರೆಂಬುದು ಆ ಸಂಸ್ಥೆಯಲ್ಲಿ ಇಂದಿಗೂ ಹೇಳಿಕೊಳ್ಳುವ ಕಥೆ.

ರಾಮನ್ನರ ಬಳಿ ಅವರು ವಜ್ರವೇ ಮೊದಲಾದ ಹರಳುಗಳನ್ನು ಬೆಳಕಿನಿಂದಲೂ ಕ್ಷ-ಕಿರಣಗಳಿಂದಲೂ ಅಭ್ಯಾಸಮಾಡಿ ೧೯೪೭ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. ಪದವಿಯನ್ನು ಪಡೆದರು. ಬಳಿಕ ಕೇಂಬ್ರಿಜ್ಜಿನ ಕ್ಯಾವೆಂಡಿಶ್ ಪ್ರಯೋಗಶಾಲೆಗೆ ತೆರಳಿ, ವೂಸ್ಟರ್ ಅವರೊಡನೆ ಕೆಲಸಮಾಡಿ ೧೯೪೯ರಲ್ಲಿ ಪಿಎಚ್.ಡಿ. ಪದವಿಯೊಂದಿಗೆ ಹಿಂದಿರುಗಿದರು. ಕ್ಷ-ಕಿರಣದ ವಿದ್ಯೆಯಲ್ಲಿ ಕಠಿನವಾದ ಒಂದು ಅಂಶವುಂಟು. ಹರಳಿನ ಮೂಲಕ ಹಾಯ್ದ ಕಿರಣ ಫೋಟೋ ಫಲಕದ ಮೇಲೆ ಮೂಡಿಸುವುದು ಅಣುವಿನ ಚಿತ್ರವನ್ನಲ್ಲ, ಬರಿಯ ಚುಕ್ಕೆಗಳನ್ನು. ಆ ಚುಕ್ಕೆಗಳ ಸ್ಥಾನ ಮತ್ತು ಕಪ್ಪುಗಳಿಂದ ಒಳಗಿನ ಪರಮಾಣುಗಳ ಜೋಡಣೆಯನ್ನು ಊಹಿಸಿ, ಆ ಊಹೆ ಸರಿಯಾದರೆ ಇಂಥ ಚುಕ್ಕೆಗಳೇ ಮೂಡಬೇಕೆಂದು ಲೆಕ್ಕ ಹಾಕಿ, ಎರಡನ್ನೂ ಹೋಲಿಸಿ ನೋಡಬೇಕು. ಕಾಣದ ವಸ್ತುವನ್ನು ಮನಸ್ಸಿನಲ್ಲಿಯೇ ಎಲ್ಲ ಕಡೆಯಿಂದಲೂ ತಿರುಗಿಸಿ ನೋಡುವ ಅಭ್ಯಾಸ ರಾಮಚಂದ್ರನ್ ಅವರಲ್ಲಿ ಬೇರೂರಿದ್ದು ಈ ದಿನಗಳಲ್ಲಿ.

೧೯೫೨ರಲ್ಲಿ, ಇನ್ನೂ ಮೂವತ್ತು ತುಂಬುವುದರೊಳಗೆ, ಅವರು ಮದರಾಸು ವಿಶ್ವವಿದ್ಯಾನಿಲಯದ ಭೌತವಿಜ್ಞಾನ ವಿಭಾಗದ ಮುಖ್ಯಸ್ಥರಾದರು. ಅದೇ ಸುಮಾರಿಗೆ ಅಲ್ಲಿಗೆ ಬಂದಿದ್ದ ಇಂಗ್ಲೆಂಡಿನ ವಿಜ್ಞಾನಿ ಬರ್ನಾಲ್ ಅವರು ಕೊಲಾಜನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ತಿಳಿಸಿದರು. ನಮ್ಮ ಚರ್ಮ, ಎಲುಬು, ಸ್ನಾಯುರಜ್ಜು, ಇವೆಲ್ಲಕ್ಕೂ ಗಟ್ಟಿತನ ಕೊಡುವ ನಾರು ಇದೇ ಕೊಲಾಜನ್. ರಾಮಚಂದ್ರನ್ ಅವರು ಗೋಪಿನಾಥ್ ಕರ್ತಾ ಎಂಬ ಸಹೋದ್ಯೋಗಿಯೊಡನೆ ಕೆಲಸಕ್ಕೆ ತೊಡಗಿದರು. ಪಕ್ಕದಲ್ಲಿಯೇ ಇದ್ದ ಕೇಂದ್ರ ಚರ್ಮ ಸಂಶೋಧನಾ ಸಂಸ್ಥೆಯ ನೆರವು ದೊರೆಯಿತು. ಕಾಂಗರೂವಿನ ಬಾಲದ ಸ್ನಾಯುರಜ್ಜುವಿನ ಕ್ಷ-ಕಿರಣ ಚಿತ್ರಗಳು ಆಧಾರವಾದವು.

ಅವರ ಮುಂದೆ ಒಂದು ಸುಳಿವಿತ್ತು. ಕೊಲಾಜನ್‌ನಲ್ಲಿ ಮೂರರಲ್ಲೊಂದು ಘಟಕ ಗ್ಲೈಸಿನ್. ಅಮೈನೋ ಆಮ್ಲಗಳಲ್ಲೆಲ್ಲ ಅತಿ ಚಿಕ್ಕದು ಅದು. ಅದರ ಪಕ್ಕಕ್ಕೆ ಒಂದು ಜಲಜನಕ ಪರಮಾಣು ಮಾತ್ರ. ಮೂರು ಎಳೆಗಳು ಒಂದರ ಬಳಿ ಒಂದು ನಿಂತು, ಪ್ರತಿಯೊಂದು ಎಳೆಯ ಪ್ರತಿ ಮೂರನೆಯ ಘಟಕವೂ ಇಕ್ಕಟ್ಟಾದ ನಡುಮಧ್ಯಕ್ಕೆ ಮುಖ ಮಾಡಿದ್ದರೆ, ಆ ಜಾಗದಲ್ಲಿ ಹಿಡಿಸಬಲ್ಲದ್ದು ಗ್ಲೈಸಿನ್ ಒಂದೇ. ಹೀಗೆ ೧೯೫೪ರಲ್ಲಿ ನೇಚರ್ ಪತ್ರಿಕೆಯಲ್ಲಿ ಮೂರೆಳೆಯ ಸುರುಳಿಯ ಮಾದರಿ ಪ್ರಕಟವಾಯಿತು. ಅದರಲ್ಲಿ ಎಳೆಯ ಒಂದು ಸುತ್ತಿಗೆ ಸರಿಯಾಗಿ ಮೂರು ಘಟಕಗಳು.

ಆದರೆ ಕ್ಷ-ಕಿರಣದ ಚಿತ್ರಗಳನ್ನು ಮತ್ತೆ ಅಳೆದಾಗ, ಮೂರು ಸುತ್ತಿಗೆ ಹತ್ತು ಘಟಕಗಳಿರಬೇಕೆಂದು ಕಂಡಿತು. ಆಗ ಒಂದೊಂದು ಘಟಕಕ್ಕೂ ೧೦೮ ಅಂಶದಷ್ಟು ತಿರುವು. ಮೂರು ಘಟಕಗಳಿಗೆ ೩೨೪. ಪೂರ್ಣ ಸುತ್ತಿಗೆ ೩೬ ಅಂಶ ಕಡಿಮೆ. ಗ್ಲೈಸಿನ್ ನಡುವಿನಿಂದ ಮುಖ ತಿರುಗಿಸಿಕೊಂಡು ಹೊರಗೆ ಬರುತ್ತ ಹೋಗುತ್ತದೆ. ಮಾದರಿ ಕುಸಿಯಬೇಕಾದ ಸ್ಥಳ ಇದು. ಇದಕ್ಕೆ ಪರಿಹಾರವನ್ನು ರಾಮಚಂದ್ರನ್ ಅವರು ಚಂದ್ರನಿಂದ ಪಡೆದರೆಂದು ಅವರ ಸಮೀಪವರ್ತಿಗಳು ಬರೆದಿದ್ದಾರೆ. ಚಂದ್ರ ಭೂಮಿಯನ್ನು ಸುತ್ತುವಾಗ ಯಾವಾಗಲೂ ಒಂದೇ ಮುಖವನ್ನು ನಮಗೆ ತೋರುತ್ತಾನೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಬರುವವರ ಬಲಭುಜ ಸದಾ ಗರ್ಭಗುಡಿಯ ಕಡೆಗೇ ಇರುವಂತೆ ಇದು. ಒಂದು ಪ್ರದಕ್ಷಿಣೆ ಮುಗಿಯುವಷ್ಟರಲ್ಲಿ ಭಕ್ತನು ತಾನೂ ಒಂದು ಸುತ್ತು ತಿರುಗಿರುತ್ತಾನೆ, ತಿರುಗಿದ್ದು ಅವನ ಗಮನಕ್ಕೆ ಬಾರದಿದ್ದರೂ. ಹಾಗೆಯೇ ಪ್ರತಿಯೊಂದು ಎಳೆಯೂ ಮೂರು ಘಟಕಗಳಿಗೊಮ್ಮೆ ೩೬ ಅಂಶದಷ್ಟು ನಡುಅಕ್ಷವನ್ನು ಬಳಸಿ ಹೋದರೆ ಗ್ಲೈಸಿನ್ ಎಂದೆಂದಿಗೂ ಒಳಮುಖವಾಗಿಯೇ ಉಳಿಯುತ್ತದೆ. ೧೯೫೫ರಲ್ಲಿ ಈ ಸುರುಳಿಯೊಳಗಿನ ಸುರುಳಿಯ ಮಾದರಿ ಹೊರಬಂತು. ಒಂದೊಂದು ಎಳೆ ಎಡಮುರಿ, ಮೂರೂ ಸೇರಿದ ಹುರಿ ಬಲಮುರಿ. ಎಡಮುರಿ ಬಲಮುರಿಗಳೆಂಬುವು ನೋಟಕ್ಕೆ ಸೇರಿದ ಗುಣಗಳಲ್ಲ. ತಿರುಪುಮೊಳೆಯನ್ನು ಮೇಲಿನಿಂದ ನೋಡಿದರೂ ಕೆಳಗಿನಿಂದ ನೋಡಿದರೂ ಅದರ ಮುರಿ ಬದಲಾಗುವುದಿಲ್ಲ. ಕನ್ನಡಿಯಲ್ಲಿ ಮಾತ್ರ ಬದಲಾಗುತ್ತದೆ.

ಸಂತೋಷದ ಬೆನ್ನಿಗೆ ವಿವಾದ ಬಂತು. ಅದೇ ೧೯೫೫ರಲ್ಲಿ ಅಲೆಕ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ಅವರು, ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಒಂದರ ಮೇಲೊಂದು ಬೀಳುವಷ್ಟು ಹತ್ತಿರವಾಗಿವೆಯೆಂದು ಆಕ್ಷೇಪಿಸಿ, ತಮ್ಮ ಬೇರೊಂದು ಮಾದರಿಯನ್ನು ಮುಂದಿಟ್ಟರು. ಮೂರು ಘಟಕಗಳಿಗೆ ಎರಡು ಜಲಜನಕ ಬಂಧಗಳೆಂದು ರಾಮಚಂದ್ರನ್, ಒಂದೇ ಎಂದು ಅವರು. ಮೂರೆಳೆಯ ಹುರಿಯೆಂಬ ಮೂಲ ಕಲ್ಪನೆ ಮದರಾಸಿನದೇ ಆದರೂ, ಪಾಶ್ಚಾತ್ಯ ದೇಶಗಳಲ್ಲಿ ಕೀರ್ತಿಯ ಹೆಚ್ಚಿನ ಪಾಲು ಬೇರೆಯವರಿಗೆ ಸಂದಿತು. ಬಂಧಗಳ ಎಣಿಕೆಯಲ್ಲಿ ರಿಚ್ ಮತ್ತು ಕ್ರಿಕ್ ಅವರದೇ ಸರಿಯೆಂದು ಕಾಲ ತೀರ್ಮಾನಿಸಿತು. ೧೯೯೪ರಲ್ಲಿ ಅಮೆರಿಕದ ವಿಜ್ಞಾನಿಗಳು ಕೊಲಾಜನ್‌ಗೆ ಹೋಲುವ ಒಂದು ಅಣುವಿನ ಹರಳನ್ನು ಪರೀಕ್ಷಿಸಿದಾಗ ನೇರ ಬಂಧ ಒಂದೇ ಕಂಡಿತು. ಅದರ ಸುತ್ತ ನೀರಿನ ಅಣುಗಳು ಸೇತುವೆಯಂತೆ ಹೆಣೆದುಕೊಂಡಿದ್ದವು. ನೀರಿನ ಮೂಲಕ ಇನ್ನೊಂದು ಬಂಧ ಏರ್ಪಡಬಹುದೆಂದು ರಾಮಚಂದ್ರನ್ ಅವರೇ ೧೯೬೮ರಲ್ಲಿ ಸೂಚಿಸಿದ್ದರು.

ಒಬ್ಬ ಮನುಷ್ಯನ ಯೋಗ್ಯತೆ ತಿಳಿಯುವುದು ಇಂತಹ ಸಮಯದಲ್ಲಿ. ಆಕ್ಷೇಪಣೆ ಅವರನ್ನು ನೋಯಿಸಿತೆಂಬುದು ನಿಜ. ಆದರೆ ಅವರು ಆ ನೋವನ್ನು ಒಂದು ಪ್ರಶ್ನೆಯನ್ನಾಗಿ ಮಾರ್ಪಡಿಸಿಕೊಂಡರು. ಎರಡು ಪರಮಾಣುಗಳು ತೀರ ಹತ್ತಿರ ಬಂದಿವೆ ಎನ್ನುವುದಾದರೆ, ಎಷ್ಟು ಹತ್ತಿರ ಬರಬಹುದು? ಅದನ್ನು ಅದುವರೆಗೆ ಯಾರೂ ಸಮಗ್ರವಾಗಿ ಅಳೆದು ನಿಷ್ಕರ್ಷಿಸಿರಲಿಲ್ಲ. ಮಾದರಿಯನ್ನು ಒಂದು ಕಡೆಯಿಂದ ನೋಡಿದರೆ ಎರಡು ಗುಂಡುಗಳು ಮುಟ್ಟಿಕೊಂಡಂತೆ ಕಾಣುತ್ತವೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ನೋಡಿದರೆ ಅವುಗಳ ನಡುವೆ ಬೇಕಾದಷ್ಟು ಎಡೆಯಿರುತ್ತದೆ. ಕಣ್ಣಿನ ಸಾಕ್ಷಿ ಇಲ್ಲಿ ಸಾಲದು, ಅಂತರದ ಅಂಕಿಯೇ ಬೇಕು. ರಾಮಚಂದ್ರನ್ ಅವರೂ ಅವರ ಶಿಷ್ಯರೂ ಆಗ ತಿಳಿದಿದ್ದ ಹರಳುಗಳ ರಚನೆಗಳನ್ನು ಹುಡುಕಿ ತೆಗೆದು, ಇಂಗಾಲಕ್ಕೂ ಇಂಗಾಲಕ್ಕೂ, ಸಾರಜನಕಕ್ಕೂ ಆಮ್ಲಜನಕಕ್ಕೂ ಇರುವ ಅತಿ ಕಡಿಮೆ ಅಂತರಗಳನ್ನು ಪಟ್ಟಿ ಮಾಡಿದರು. ಸಾಮಾನ್ಯವಾಗಿ ಒಪ್ಪಬಹುದಾದ ಮಿತಿಯೊಂದು, ಅತಿಯೆಂದರೆ ಒಪ್ಪಬಹುದಾದ ಮಿತಿಯೊಂದು, ಹೀಗೆ ಎರಡು ಮಿತಿಗಳನ್ನು ಗೊತ್ತುಮಾಡಿದರು.

ಮುಂದಿನ ಹೆಜ್ಜೆ ಅವರ ಹೆಸರನ್ನು ಶಾಶ್ವತಗೊಳಿಸಿತು. ಪ್ರೋಟೀನಿನ ಎಳೆಯನ್ನು, ಮೂಲೆಗೆ ಮೂಲೆ ಕಟ್ಟಿದ ರಟ್ಟಿನ ತುಂಡುಗಳ ಸರವೆಂದು ಭಾವಿಸಬಹುದು. ರಟ್ಟುಗಳು ಬಾಗುವುದಿಲ್ಲ. ಕಟ್ಟಿದ ಮೂಲೆಯಲ್ಲಿ ಒಂದು ಇಂಗಾಲದ ಪರಮಾಣುವಿದೆ. ಅದರ ಎಡಕ್ಕಿರುವ ರಟ್ಟು ಒಂದು ಕೋನದಷ್ಟು, ಬಲಕ್ಕಿರುವ ರಟ್ಟು ಇನ್ನೊಂದು ಕೋನದಷ್ಟು ತಿರುಗಬಲ್ಲದು. ಮೊದಲ ಕೋನಕ್ಕೆ ಫೈ ಎಂದೂ ಎರಡನೆಯದಕ್ಕೆ ಸೈ ಎಂದೂ ಹೆಸರು. ಪ್ರತಿಯೊಂದು ಗಂಟಿನಲ್ಲಿಯೂ ಈ ಎರಡು ಕೋನಗಳು ತಿಳಿದರೆ ಇಡೀ ಎಳೆಯ ಮಡಿಕೆ ತಿಳಿದಂತಾಗುತ್ತದೆ. ಇವೆರಡನ್ನೂ ಪೂರ್ಣ ವೃತ್ತದಷ್ಟು ಸ್ವಲ್ಪಸ್ವಲ್ಪವೇ ತಿರುಗಿಸುತ್ತ, ಪ್ರತಿಯೊಂದು ನಿಲುವಿನಲ್ಲಿಯೂ ಯಾವ ಪರಮಾಣು ಯಾವುದಕ್ಕೆ ಡಿಕ್ಕಿ ಹೊಡೆಯುವುದೆಂದು ಲೆಕ್ಕ ಹಾಕಿದರು. ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳ ಕಾಲ ಅದು. ವಿ. ಶಶಿಶೇಖರನ್ ಮತ್ತು ಸಿ. ರಾಮಕೃಷ್ಣನ್ ಅವರು ಈ ಶ್ರಮದಲ್ಲಿ ಜೊತೆಗಿದ್ದರು. ಮೂವರ ಹೆಸರಿನಲ್ಲಿ ೧೯೬೩ರಲ್ಲಿ ಪ್ರಕಟವಾದ ಲೇಖನ ಪುಟಗಳಲ್ಲಿ ಚಿಕ್ಕದು. ಅಡ್ಡಕ್ಕೆ ಫೈ, ಉದ್ದಕ್ಕೆ ಸೈ ಇಟ್ಟು ಬರೆದ ಆ ನಕಾಶೆಯೇ ರಾಮಚಂದ್ರನ್ ನಕಾಶೆ. ಗ್ಲೈಸಿನನ್ನು ಬಿಟ್ಟರೆ, ಆ ಚೌಕದ ಸುಮಾರು ಮುಕ್ಕಾಲು ಪಾಲು ಪ್ರವೇಶ ನಿಷಿದ್ಧವಾದ ಪ್ರದೇಶ. ಉಳಿದ ಕೆಲವು ದ್ವೀಪಗಳಲ್ಲಿಯೇ ಜೀವಲೋಕದ ಪ್ರೋಟೀನುಗಳೆಲ್ಲವೂ ಬಹುಮಟ್ಟಿಗೆ ವಾಸಮಾಡಬೇಕು.

ಈ ನಕಾಶೆಗೆ ಕ್ಯಾಮೆರಾ ಬೇಡ. ಅಣುವನ್ನು ಮೇಲುಕೆಳಗು ಮಾಡಿದರೂ, ಹತ್ತಿರ ತಂದರೂ, ದೂರ ಒಯ್ದರೂ ಫೈ ಮತ್ತು ಸೈ ಕೋನಗಳು ಕೂದಲೆಳೆಯಷ್ಟೂ ಬದಲಾಗುವುದಿಲ್ಲ. ನೂರಾರು ಘಟಕಗಳ ಪ್ರೋಟೀನು ಒಂದೇ ಹಾಳೆಯ ಮೇಲೆ ನೂರಾರು ಚುಕ್ಕೆಗಳಾಗಿ ಬಂದು ಕೂರುತ್ತದೆ. ಒಂದು ಘಟಕ ಇನ್ನೊಂದರ ಹಿಂದೆ ಅಡಗಿಕೊಳ್ಳುವುದೆಂಬುದಿಲ್ಲ. ಪರದೆಯ ಮೇಲೆ ಬಹು ಸುಂದರವಾಗಿ ಕಾಣುವ ಮಾದರಿಯಲ್ಲಿ ತಪ್ಪಿದ್ದರೆ ಆ ತಪ್ಪು ನಿಷಿದ್ಧ ಪ್ರದೇಶದಲ್ಲಿ ಬಿದ್ದ ಚುಕ್ಕೆಯಾಗಿ ಬಯಲಾಗುತ್ತದೆ. ೧೯೭೧ರಲ್ಲಿ ಏಳೇ ರಚನೆಗಳಿಂದ ಆರಂಭವಾದ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ ಈಗ ಎರಡು ಲಕ್ಷಕ್ಕೂ ಮಿಕ್ಕಿ ರಚನೆಗಳಿವೆ. ಅಲ್ಲಿಗೆ ಹೊಸ ರಚನೆಯೊಂದನ್ನು ಒಪ್ಪಿಸುವಾಗ ನಡೆಯುವ ಪರೀಕ್ಷೆಗಳಲ್ಲಿ ಈ ನಕಾಶೆಯ ಪರೀಕ್ಷೆಯೂ ಒಂದು. ಆಕ್ಷೇಪಣೆಗೆ ಗುರಿಯಾದ ಮನುಷ್ಯನೇ ಎಲ್ಲರ ಆಕ್ಷೇಪಣೆಗೂ ಆಧಾರವಾಗುವ ಅಳತೆಗೋಲನ್ನು ಜಗತ್ತಿಗೆ ಕೊಟ್ಟನು.

ಮದರಾಸನ್ನು ಬಿಟ್ಟು ಅವರು ಮತ್ತೆ ಬೆಂಗಳೂರಿಗೆ ಬಂದರು. ೧೯೭೧ರಲ್ಲಿ, ಸತೀಶ್ ಧವನ್ ಅವರು ನಿರ್ದೇಶಕರಾಗಿದ್ದಾಗ, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಭೌತ ವಿಜ್ಞಾನದ ಘಟಕವನ್ನು ಕಟ್ಟಿದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ ಇನ್ನೊಂದು ಹಿರಿದಾದ ಲೇಖನವನ್ನು ಪ್ರಕಟಿಸಿದರು. ಅದರ ವಿಷಯವೂ ನೋಟಕ್ಕೆ ಸಂಬಂಧಿಸಿದ್ದೇ. ಒಂದು ವಸ್ತುವಿನ ಕ್ಷ-ಕಿರಣ ನೆರಳನ್ನು ಒಂದು ದಿಕ್ಕಿನಿಂದ ತೆಗೆದರೆ ಒಳಗಿನದೆಲ್ಲ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತದೆ. ಅನೇಕ ದಿಕ್ಕುಗಳಿಂದ ತೆಗೆದ ನೆರಳುಗಳನ್ನು ತಕ್ಕ ರೀತಿಯಲ್ಲಿ ಶೋಧಿಸಿ, ಬಂದ ದಾರಿಯಲ್ಲಿಯೇ ಹಿಂದಕ್ಕೆ ಹರಡಿ ಕೂಡಿಸಿದರೆ ಒಳಗಿನ ರೂಪವೇ ಮೂಡುತ್ತದೆ. ಹಿಂದಿನ ವಿಧಾನಗಳಿಗಿಂತ ಲೆಕ್ಕ ಬಹಳ ಕಡಿಮೆಯಾಗುವಂತೆ ಇದನ್ನು ಮಾಡುವ ಬಗೆಯನ್ನು ಅವರು ತೋರಿಸಿಕೊಟ್ಟರು. ಆಸ್ಪತ್ರೆಗಳ ಸಿ.ಟಿ. ಸ್ಕ್ಯಾನ್ ಯಂತ್ರಗಳ ವಿದ್ಯೆಯಲ್ಲಿ ಆ ಶೋಧಕಕ್ಕೆ ಇಬ್ಬರ ಹೆಸರನ್ನೂ ಸೇರಿಸಿ ರಾಮ್-ಲಾಕ್ ಎಂದು ಕರೆಯುವುದುಂಟು. ತಲೆಗೆ ಪೆಟ್ಟು ಬಿದ್ದವನನ್ನು ಆ ಯಂತ್ರದೊಳಗೆ ಮಲಗಿಸಿದಾಗ ಅವನ ಪ್ರಾಣ ನಿಂತಿರುವುದು, ಯಾವ ಒಂದು ನೋಟದಲ್ಲಿಯೂ ಇಲ್ಲದ್ದು ಎಲ್ಲ ನೋಟಗಳೂ ಕೂಡಿದಾಗ ಸಿಕ್ಕುತ್ತದೆಂಬ ಈ ಗಣಿತದ ಮೇಲೆ.

೧೯೭೭ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. ಆ ಬಳಿಕ ಅವರ ಮನಸ್ಸು ತರ್ಕಶಾಸ್ತ್ರದತ್ತ ಹೊರಳಿತು. ಸಂಸ್ಥೆಯಲ್ಲಿ ಗಣಿತೀಯ ದರ್ಶನಕ್ಕೆಂದೇ ಒಂದು ವಿಭಾಗವಿದ್ದು, ಅಲ್ಲಿ ಅವರು ೧೯೮೨ರಲ್ಲಿ ಸ್ಯಾದ್ ನ್ಯಾಯ ಪದ್ಧತಿ ಎಂಬ ತರ್ಕದ ಗಣಿತವನ್ನು ರೂಪಿಸಿ ಪ್ರಕಟಿಸಿದರು. ಶ್ರವಣಬೆಳಗೊಳದ ನಾಡಿನವರಾದ ನಮಗೆ ಈ ಹೆಸರು ಅಪರಿಚಿತವಲ್ಲ. ಒಂದು ದೃಷ್ಟಿಯಿಂದ ಇದೆ, ಇನ್ನೊಂದು ದೃಷ್ಟಿಯಿಂದ ಇಲ್ಲ, ಮತ್ತೊಂದರಿಂದ ಹೇಳಬಾರದು ಎಂದು ಏಳು ಬಗೆಯಾಗಿ ವಿವೇಚಿಸುವ ಜೈನರ ಸ್ಯಾದ್ವಾದವೇ ಅದರ ಮೂಲ. ಅಣುವನ್ನು ಹಲವು ಕಡೆಯಿಂದ ನೋಡಿದ ವಿಜ್ಞಾನಿ, ಸತ್ಯವನ್ನು ಹಲವು ಕಡೆಯಿಂದ ನೋಡಬೇಕೆಂದ ಪೂರ್ವಿಕರ ಬಳಿಗೆ ಬಂದದ್ದು ಸಹಜವೇ ಆಗಿದೆ.

ಕಡೆಯ ವರ್ಷಗಳು ಸುಖದವಾಗಿರಲಿಲ್ಲ. ಪಾರ್ಕಿನ್ಸನ್ ರೋಗ ಅವರ ಅಂಗಾಂಗಗಳನ್ನು ಕಟ್ಟಿಹಾಕಿತು. ಐದು ದಶಕಗಳಿಗೂ ಮೀರಿ ಜೊತೆಗಿದ್ದ ಪತ್ನಿ ರಾಜಲಕ್ಷ್ಮಿಯವರು ೧೯೯೮ರಲ್ಲಿ ಅಗಲಿದರು. ಮರುವರ್ಷ ಅಂತರರಾಷ್ಟ್ರೀಯ ಸ್ಫಟಿಕವಿಜ್ಞಾನ ಒಕ್ಕೂಟ ತನ್ನ ಇವಾಲ್ಡ್ ಪಾರಿತೋಷಕವನ್ನು ಅವರಿಗೆ ನೀಡಿತು. ನೊಬೆಲ್ ಪಾರಿತೋಷಕ ಮಾತ್ರ ಬರಲೇ ಇಲ್ಲ. ೨೦೦೧ನೆಯ ಇಸವಿ ಏಪ್ರಿಲ್ ೭ರಂದು ಚೆನ್ನೈಯಲ್ಲಿ ಅವರು ದೇಹತ್ಯಾಗ ಮಾಡಿದರು. ಆಗ ಅವರಿಗೆ ಎಪ್ಪತ್ತೆಂಟು ವರ್ಷ.

ನಮ್ಮದು ಕಲಾ ಕಾಲೇಜು. ನಮ್ಮಲ್ಲಿ ಬಹುಮಂದಿ ಪ್ರೋಟೀನಿನ ಕೋನಗಳನ್ನು ಅಳೆಯುವವರಲ್ಲ. ಚರಿತ್ರೆಯನ್ನೋ ಅರ್ಥಶಾಸ್ತ್ರವನ್ನೋ ಸಾಹಿತ್ಯವನ್ನೋ ಓದುವವರು. ಆದರೂ ಈ ಜೀವನ ನಮಗೆ ಸಂಬಂಧಿಸಿದ್ದಲ್ಲವೆನ್ನಲಾಗದು. ಇಂದು ಅಣುವಿನ ಚಿತ್ರಗಳು ವಾರ್ತಾಪತ್ರಿಕೆಗಳಲ್ಲಿಯೂ ಔಷಧಿಯ ಜಾಹೀರಾತುಗಳಲ್ಲಿಯೂ ಬರುತ್ತಿವೆ. ಅಂತಹ ಚಿತ್ರವೊಂದನ್ನು ಕಂಡಾಗ, ಕ್ಯಾಮೆರಾ ಎಲ್ಲಿ ನಿಂತಿತ್ತು, ಯಾವ ಸಮತಲದಲ್ಲಿ ಏನನ್ನು ಕತ್ತರಿಸಿ ಮರೆಮಾಡಿದ್ದಾರೆ, ಹತ್ತಿರವೆಂದು ತೋರುವ ಎರಡು ವಸ್ತುಗಳ ನಿಜವಾದ ಅಂತರವೆಷ್ಟು ಎಂದು ಕೇಳಬೇಕು. ರಾಜ್ಯಗಳ ಚರಿತ್ರೆಯನ್ನು ಓದುವಾಗಲೂ ಮನುಷ್ಯರ ಗುಣದೋಷಗಳನ್ನು ತೂಗುವಾಗಲೂ ಕೇಳಬೇಕಾದ ಪ್ರಶ್ನೆಗಳು ಇವೇ. ನೋಟವನ್ನು ಆರಿಸಿಕೊಳ್ಳುವುದು ತಪ್ಪಲ್ಲ. ನೋಟವಿಲ್ಲದೆ ನೋಡುವುದು ಯಾರಿಗೂ ಸಾಧ್ಯವಿಲ್ಲ. ಆದರೆ ನಮ್ಮ ನಿಲುವಿನ ಹದಿನೆಂಟು ಸಂಖ್ಯೆಗಳನ್ನು ಬೇರೆಯಾಗಿ ಬರೆದಿಡುವುದನ್ನೂ, ವಸ್ತುವಿನ ಕೋನಗಳನ್ನು ಬೇರೆಯಾಗಿ ಅಳೆಯುವುದನ್ನೂ ಕಲಿತವನೇ ವಿದ್ಯಾವಂತನು. ಪ್ರೊಫೆಸರ್ ರಾಮಚಂದ್ರನ್ ಅವರು ಅದನ್ನು ಕಲಿತು, ಒಂದು ಹಾಳೆಯ ಮೇಲೆ ಬರೆದು, ನಮಗೆ ಬಿಟ್ಟುಹೋಗಿದ್ದಾರೆ.